ಮಾವನ ಮನೆಗೆ ಬಂದ ಬೆಳ್ಳಿತೆರೆ!

"ಇವನ್ಯಾರೋ ಬೇರೆ ಕಣೋ... ನಮ್ಮ ರಾಜ್‌ಕುಮಾರ್ ಅಲ್ಲ!"

ಹೀಗಂದವರೇ ನಮ್ಮ ಸೋದರಮಾವ ಕುರ್ಚಿ ಬಿಟ್ಟು ಎದ್ದರು. ಚಿತ್ರ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಗೋಡೆಯ ಮೇಲೆ ಮಂಚದ ಹಲಗೆಯಷ್ಟು ದೊಡ್ಡ ಹೊಸ ಟಿವಿ. ಅದರಲ್ಲಿ 1971ರ 'ಕಸ್ತೂರಿ ನಿವಾಸ'. ತಟ್ಟೆ ತುಂಬ ಚಕ್ಕುಲಿ ಇಟ್ಟುಕೊಂಡು ಪಕ್ಕದಲ್ಲೇ ಕೂತಿದ್ದ ಅತ್ತೆಯ ಮುಖ ಸಪ್ಪೆಯಾಯಿತು.

ಏಕೆ ಅಂತೀರಾ? ಮಾವ ಸಾಮಾನ್ಯ ಪ್ರೇಕ್ಷಕರಲ್ಲ ಸ್ವಾಮಿ. ಹಾಸನ ಜಿಲ್ಲೆಯ ಒಂದು ಪುಟ್ಟ ಊರಿನ ಟಾಕೀಸಿನಲ್ಲಿ ನಲವತ್ತು ವರ್ಷ ಆಪರೇಟರ್ ಆಗಿದ್ದವರು. ಆ ಟಾಕೀಸು ಇವತ್ತು ಕಲ್ಯಾಣ ಮಂಟಪ. ಯಂತ್ರಗಳು ಗುಜರಿಗೆ ಹೋದವು. ಅತ್ತೆ ಆ ನಲವತ್ತು ವರ್ಷವೂ ಹೆಂಗಸರ ಬೆಂಚಿನಲ್ಲಿ ಕೂತು ಚಿತ್ರ ನೋಡಿದವರು. ಮಾವ ಮೇಲೆ ಕ್ಯಾಬಿನ್ನಿನ ಕಿಂಡಿಯಲ್ಲಿ! ಊರಿನವರಿಗೆಲ್ಲ ಸಿನಿಮಾ ತೋರಿಸಿದ ಮನುಷ್ಯ ತನ್ನ ಹೆಂಡತಿ ಪಕ್ಕ ಕೂತು ಒಂದೇ ಒಂದು ಚಿತ್ರ ಪೂರ್ತಿ ನೋಡಿರಲಿಲ್ಲ.

ಇದು ಗೊತ್ತಿದ್ದೇ ಅವರ ಮಗ 2025ರ ದೀಪಾವಳಿಗೆ 65 ಇಂಚಿನ ಟಿವಿ ತಂದು ಗೋಡೆಗೆ ಏರಿಸಿದ. ಆ ವರ್ಷ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದಿತ್ತಲ್ಲ, ಅಂಗಡಿಗಳಲ್ಲಿ ಜಾತ್ರೆಯೋ ಜಾತ್ರೆ. ಅಪ್ಪ ಅಮ್ಮ ಜೋಡಿಯಾಗಿ ಕೂತು ಸಿನಿಮಾ ನೋಡಲಿ ಅಂತ ಮಗನ ಆಸೆ. ಅಪ್ಪ ಹತ್ತೇ ನಿಮಿಷಕ್ಕೆ ಎದ್ದು ಜಗಲಿಗೆ ಹೋಗಿ ಕೂತರೆ ಹೇಗಿರುತ್ತೆ?

"ಸಿನಿಮಾ ಬಗ್ಗೆ ಬರೆಯೋನು ನೀನು, ಒಂದು ಸಲ ಬಂದು ನೋಡು" ಅಂತ ಅತ್ತೆ ಫೋನ್ ಮಾಡಿದ್ದರು. ಅದಕ್ಕೇ ನಾನು ಅಲ್ಲಿದ್ದೆ. ಎರಡು ದಿನ ಉಳಿದೆ. ಆ ಎರಡು ದಿನದಲ್ಲಿ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ದೊಡ್ಡ ಟಿವಿ ತರುವ ಯೋಚನೆ ಇದ್ದವರಿಗೂ ಆಯಿತು, ತಂದು ಗೋಡೆಗೆ ಹಾಕಿ 'ಏನೋ ಸರಿಯಿಲ್ಲ' ಅಂತ ಗೊಣಗುತ್ತಿರುವವರಿಗೂ ಆಯಿತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಟಿವಿ ಕೆಟ್ಟದಾಗಿರಲಿಲ್ಲ. ಒಳ್ಳೆಯ ಟಿವಿಯೇ. ಅದನ್ನು ಅಂಗಡಿಯಿಂದ ಬಂದ ಹಾಗೆಯೇ ಬಿಟ್ಟಿದ್ದರು, ಅಷ್ಟೇ.

ಅಣ್ಣಾವ್ರು ದಪ್ಪಗಾದರೇ?

ಮಾವನನ್ನು ಜಗಲಿಯಿಂದ ಎಬ್ಬಿಸಿಕೊಂಡು ಬಂದು "ಏನೇನು ಸರಿಯಿಲ್ಲ, ಒಂದೊಂದಾಗಿ ಹೇಳಿ" ಅಂದೆ. ಡಾಕ್ಟರ ಮುಂದೆ ರೋಗಿ ಹೇಳುವ ಹಾಗೆ ಹೇಳಿದರು. ಮುಖ ದಪ್ಪ. ಬಿಳಿ ಬಟ್ಟೆ ನೀಲಿ. ನಡೆದರೆ ಧಾರಾವಾಹಿ ತರಹ ಕಾಣುತ್ತೆ. ಮಾತು ಕೇಳಲ್ಲ, ಮ್ಯೂಸಿಕ್ ಮಾತ್ರ ಕಿವಿಗೆ ಬಡಿಯುತ್ತೆ. ಕತ್ತು ನೋವು. ಒಟ್ಟು ಐದು ದೂರು!

ಮೊದಲನೆಯದಕ್ಕೆ ಕೈ ಹಾಕಿದೆ. ಹಳೆಯ ಚಿತ್ರಗಳ ಚೌಕಟ್ಟು ಹೆಚ್ಚು ಕಡಿಮೆ 4:3 ಅಳತೆಯದು. ಅಂದರೆ ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು. ಈಗಿನ ಟಿವಿಯ ತೆರೆ 16:9. ಅಡ್ಡಕ್ಕೆ ಉದ್ದ. ಹಳೆಯ ಚಿತ್ರ ಹಾಕಿದರೆ ಎರಡು ಪಕ್ಕದಲ್ಲೂ ಜಾಗ ಉಳಿಯಲೇಬೇಕು. ಆದರೆ ಟಿವಿ ಹಾಕಲು ಬಂದ ಅಂಗಡಿಯ ಹುಡುಗ 'ತೆರೆ ತುಂಬ ಬರಲಿ' ಅಂತ 'ವೈಡ್' ಒತ್ತಿ ಹೋಗಿದ್ದ. ಹಾಗೆ ಎಳೆದಾಗ ಅಗಲ ಮೂರನೆಯ ಒಂದು ಪಾಲು ಜಾಸ್ತಿಯಾಗುತ್ತೆ. ಎತ್ತರ ಅಷ್ಟೇ! ತೆಳ್ಳಗಿನ ನಾಯಕ ದಪ್ಪ, ದುಂಡಗಿನ ಗಡಿಯಾರ ಮೊಟ್ಟೆ!

ನಾನೂ ಜಾಣನಾಗಲು ಹೋಗಿ 'ಜೂಮ್' ಒತ್ತಿದೆ. ಮುಖ ಸರಿಹೋಯಿತು. "ಈಗ ನೋಡಿ ಮಾವ" ಅಂದೆ. ಮಾವ ಎರಡು ನಿಮಿಷ ಸುಮ್ಮನೆ ನೋಡಿದರು.

"ತಲೆ ಕತ್ತರಿಸಿದೀಯ" ಅಂದರು. "ಚುಕ್ಕೆ ಎಲ್ಲಿ?"

ಯಾವ ಚುಕ್ಕೆ? ಓದುಗರಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ, ಹಳೆಯ ಥಿಯೇಟರ್ ಪ್ರಿಂಟುಗಳಲ್ಲಿ ಒಂದು ರೀಲು ಮುಗಿಯುವ ಹೊತ್ತಿಗೆ ತೆರೆಯ ಮೇಲೆ, ಬಲಗಡೆ ಮೂಲೆಯಲ್ಲಿ ಒಂದು ಪುಟ್ಟ ಚುಕ್ಕೆ ಮಿಂಚಿ ಮಾಯವಾಗುತ್ತೆ. ಮೊದಲ ಚುಕ್ಕೆ ರೀಲು ಮುಗಿಯುವುದಕ್ಕೆ ಸುಮಾರು ಎಂಟು ಸೆಕೆಂಡ್ ಮುಂಚೆ. ಅದನ್ನು ಕಂಡ ಕೂಡಲೇ ಆಪರೇಟರ್ ಪಕ್ಕದ ಯಂತ್ರದ ಮೋಟಾರ್ ಶುರು ಮಾಡಬೇಕು. ಎರಡನೆಯದು ಇನ್ನೇನು ಒಂದು ಸೆಕೆಂಡ್ ಇದೆ ಅನ್ನುವಾಗ. ಆಗ ಈ ಯಂತ್ರದ ಬೆಳಕು ಮುಚ್ಚಿ ಆ ಯಂತ್ರದ ಬೆಳಕು ಬಿಡಬೇಕು. ಎರಡು ಸಾವಿರ ಅಡಿಯ ರೀಲು ಅಂದರೆ ಇಪ್ಪತ್ತೆರಡು ನಿಮಿಷ. ಇಪ್ಪತ್ತೆರಡು ನಿಮಿಷಕ್ಕೊಮ್ಮೆ ಆ ಚುಕ್ಕೆಗಾಗಿ ಕಾದು, ಒಂದು ಸಲವೂ ತಪ್ಪದೆ ನಲವತ್ತು ವರ್ಷ ದುಡಿದ ಕಣ್ಣು ಅದು!

ಪ್ರಿಂಟಿನಿಂದ ಇಳಿಸಿದ ಪ್ರತಿಗಳಲ್ಲಿ ಈ ಚುಕ್ಕೆ ಇವತ್ತಿಗೂ ಉಳಿದಿರುತ್ತೆ. 'ಜೂಮ್' ಮಾಡಿದಾಗ ಮೇಲೆ ಕೆಳಗೆ ಸೇರಿ ಚಿತ್ರದ ಕಾಲು ಭಾಗ ತೆರೆಯ ಆಚೆ ಹೋಗುತ್ತೆ. ಚುಕ್ಕೆಯೂ ಹೋಯಿತು, ನಾಯಕನ ಹಣೆಯೂ ಹೋಯಿತು. ಛಾಯಾಗ್ರಾಹಕ ಲೆಕ್ಕ ಹಾಕಿ ಇಟ್ಟ ಚೌಕಟ್ಟೂ ಹೋಯಿತು.

ಕೊನೆಗೆ ಮೆನುವಿನಲ್ಲಿ ಹುಡುಕಿ 'ಒರಿಜಿನಲ್' ಇಟ್ಟೆ. ಕೆಲವು ಟಿವಿಗಳಲ್ಲಿ ಇದಕ್ಕೆ 'ಜಸ್ಟ್ ಸ್ಕ್ಯಾನ್' ಅಂತಲೋ 'ಸ್ಕ್ರೀನ್ ಫಿಟ್' ಅಂತಲೋ ಹೆಸರು. ಚಿತ್ರ ನಡುವೆ ನೆಟ್ಟಗೆ ನಿಂತಿತು. ಎರಡು ಪಕ್ಕ ಕಪ್ಪು ಪಟ್ಟಿ.

"ಅಯ್ಯೋ, ಇಷ್ಟು ದುಡ್ಡು ಕೊಟ್ಟು ಎರಡೂ ಕಡೆ ಕತ್ತಲೆಯಾ?" ಅಂತ ಸೊಸೆ ರಾಗ ತೆಗೆದಳು. ಅದಕ್ಕೆ ಮಾವನೇ ಉತ್ತರ ಕೊಟ್ಟರು. "ಟಾಕೀಸಲ್ಲೂ ಹಾಗೇ ಇತ್ತಮ್ಮ. ಮಾಮೂಲಿ ಚಿತ್ರಕ್ಕೆ ಪಕ್ಕದ ಕಪ್ಪು ಪರದೆ ಒಳಕ್ಕೆ ಎಳೀತಿದ್ವಿ. ಸ್ಕೋಪ್ ಬಂದಾಗ ಲೆನ್ಸ್ ಬದಲಾಯಿಸಿ ಪರದೆ ಹೊರಕ್ಕೆ ಸರಿಸ್ತಿದ್ವಿ. ಜನ ಅದಕ್ಕೇ ಶಿಳ್ಳೆ ಹೊಡೆಯೋರು!" ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಸೊಸೆ ತಂದ ಸೌಭಾಗ್ಯ' 1977ರಲ್ಲಿ ಬಂತು. ಅಂಥ ಚಿತ್ರ ಟಿವಿಯಲ್ಲಿ ಹಾಕಿದರೆ ಕಪ್ಪು ಪಟ್ಟಿ ಪಕ್ಕದಲ್ಲಲ್ಲ, ಮೇಲೆ ಕೆಳಗೆ ಬರುತ್ತೆ. ಗಾಬರಿ ಬೇಡ. ಪಟ್ಟಿ ಇದೆ ಅಂದರೆ ಚಿತ್ರ ಪೂರ್ತಿ ಇದೆ ಅಂತಲೇ ಅರ್ಥ.

ಒಂದು ಎಚ್ಚರಿಕೆ. ಇಂಟರ್ನೆಟ್ಟಿಗೆ ಏರಿಸುವಾಗಲೇ ಎಳೆದು ದಪ್ಪ ಮಾಡಿದ ಪ್ರತಿಗಳೂ ಉಂಟು. ಅಂಥದ್ದು ಸಿಕ್ಕರೆ ಟಿವಿಯಲ್ಲಿ '4:3' ಒತ್ತಿ ನೋಡಿ, ಎಷ್ಟೋ ಸಲ ಸರಿಹೋಗುತ್ತೆ.

ಗಾಂಧಿ ಕ್ಲಾಸೋ, ಬಾಲ್ಕನಿಯೋ?

ಇನ್ನು ತರಬೇಕು ಅಂತ ಇರುವವರ ಮಾತಿಗೆ ಬರೋಣ. ಎಷ್ಟು ಇಂಚಿನ ಟಿವಿ? ಅಂಗಡಿಯವನನ್ನು ಕೇಳಿದರೆ ಅವನ ಹತ್ತಿರ ಉಳಿದಿರುವ ದೊಡ್ಡದನ್ನೇ ತೋರಿಸುತ್ತಾನೆ. ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಒಂದು ಟೇಪು ಹಿಡಿಯಿರಿ. ಟಿವಿ ಬರುವ ಗೋಡೆಯಿಂದ ನೀವು ಕೂರುವ ಜಾಗದವರೆಗೆ ಎಷ್ಟು ಇಂಚು ಅಳೆಯಿರಿ. ಅದನ್ನು 1.6ರಿಂದ ಭಾಗಿಸಿ. ಬಂದ ಸಂಖ್ಯೆಯೇ ನಿಮ್ಮ ಟಿವಿಯ ಇಂಚು. ಇದು ಬಾಲ್ಕನಿಯ ಲೆಕ್ಕ, ತೆರೆ ಕಣ್ಣಿಗೆ ಸುಮಾರು ಮೂವತ್ತು ಡಿಗ್ರಿ ಅಗಲ ತುಂಬುತ್ತೆ. 'ಇಲ್ಲ, ನನಗೆ ಗಾಂಧಿ ಕ್ಲಾಸೇ ಬೇಕು, ತೆರೆ ಮೈಮೇಲೆ ಬರಬೇಕು' ಅನ್ನುವವರು 1.2ರಿಂದ ಭಾಗಿಸಲಿ. ಆಗ ನಲವತ್ತು ಡಿಗ್ರಿ.

ಆರು ಅಡಿ ದೂರವಾದರೆ ಬಾಲ್ಕನಿ ಲೆಕ್ಕಕ್ಕೆ 45 ಬರುತ್ತೆ, 43 ಇಂಚಿನದು ಸಾಕು. ಏಳು ಅಡಿಗೆ 52, ಅಂದರೆ 55 ತನ್ನಿ. ಹತ್ತು ಅಡಿಗೆ 75. ಮಾವನ ಹಜಾರದಲ್ಲಿ ಕುರ್ಚಿಯಿಂದ ಗೋಡೆಗೆ ಒಂಬತ್ತು ಅಡಿ. 108 ಇಂಚು. 1.6ರಿಂದ ಭಾಗಿಸಿದರೆ 67. ಮಗ ತಂದ 65 ಇಂಚು ಸರಿಯಾಗಿಯೇ ಇತ್ತು. ಅವನು ಲೆಕ್ಕ ಹಾಕಿ ತಂದನೋ, ದೇವರ ದಯೆಯೋ ಗೊತ್ತಿಲ್ಲ!

ಇಂಚು ಅನ್ನುವುದು ಮೂಲೆಯಿಂದ ಮೂಲೆಗೆ ಅಳೆದದ್ದು, ನೆನಪಿರಲಿ. 65 ಇಂಚಿನ ಟಿವಿಯ ಅಗಲ ಸುಮಾರು 57 ಇಂಚು, ಎತ್ತರ 32. ಅದರಲ್ಲಿ ಹಳೆಯ 4:3 ಚಿತ್ರ ಹಾಕಿದಾಗ ಸಿಗುವುದು 53 ಇಂಚಿನ ಚಿತ್ರ. ನಿಮ್ಮ ಮನೆಯಲ್ಲಿ ಹೆಚ್ಚಾಗಿ ಅಣ್ಣಾವ್ರು, ಕಲ್ಪನಾ, ಕಲ್ಯಾಣ್‌ಕುಮಾರ್ ಕಾಲದ ಚಿತ್ರಗಳೇ ಓಡುವುದಾದರೆ ಲೆಕ್ಕಕ್ಕಿಂತ ಒಂದು ಮೆಟ್ಟಿಲು ದೊಡ್ಡದು ತಂದರೆ ನಷ್ಟವಿಲ್ಲ.

'ಫುಲ್ ಎಚ್‌ಡಿ, 4ಕೆ, 8ಕೆ...' ಇದೇನು ಗದ್ದಲ? ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ. 4ಕೆ ಅಂದರೆ 3840 ಮತ್ತು 2160. ಒಟ್ಟು ಚುಕ್ಕೆ ನಾಲ್ಕು ಪಟ್ಟು. ಕೇಳಲಿಕ್ಕೆ ಚೆಂದ. ಆದರೆ ಒಳ್ಳೆಯ ಕಣ್ಣಿಗೂ ಒಂದು ಮಿತಿ ಇದೆ. 55 ಇಂಚಿನ ಟಿವಿಯನ್ನು ಏಳು ಅಡಿಗಿಂತ ದೂರದಿಂದ ನೋಡಿದರೆ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಹುಡುಕುವುದು ಕಷ್ಟ. ಈಗ ದೊಡ್ಡ ಟಿವಿಗಳೆಲ್ಲ ಬಹುತೇಕ 4ಕೆ ಆಗಿಯೇ ಬರುವುದರಿಂದ ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 8ಕೆ ಅಂತ ಹೆಚ್ಚು ಹಣ ಕೇಳಿದರೆ ಕೈಮುಗಿದು ಬನ್ನಿ. ನಮ್ಮ ಚಿತ್ರಗಳು ಆ ರೂಪದಲ್ಲಿ ಸಿಗುವುದೇ ಇಲ್ಲ.

ಅಂಗಡಿಯ ಬೆಳಕಿಗೆ ಮರುಳಾಗಬೇಡಿ

ಅಂಗಡಿಯಲ್ಲಿ ಸಾಲಾಗಿ ಇಪ್ಪತ್ತು ಟಿವಿ. ಎಲ್ಲದರಲ್ಲೂ ಗಿಳಿ, ಹೂವು, ಹಣ್ಣು, ಜಲಪಾತ! ಮೇಕಪ್ ಹಾಕಿ ಸೆಟ್ಟಿನಲ್ಲಿ ನಿಲ್ಲಿಸಿದ ತಾರೆಯ ಹಾಗೆ. ಮನೆಯಲ್ಲಿ ಬೆಳಗ್ಗೆ ಎದ್ದ ಮುಖ ಹೇಗಿರುತ್ತೆ ಅಂತ ಅಲ್ಲಿ ಗೊತ್ತಾಗುವುದಿಲ್ಲ. ಒಂದು ಪೆನ್‌ಡ್ರೈವ್‌ನಲ್ಲಿ ನಿಮಗೆ ಬಾಯಿಪಾಠವಾಗಿರುವ ಚಿತ್ರದ ಐದು ನಿಮಿಷ ಹಾಕಿಕೊಂಡು ಹೋಗಿ. ಒಂದು ರಾತ್ರಿ ದೃಶ್ಯ, ಒಂದು ಮುಖದ ಕ್ಲೋಸಪ್, ಒಂದು ಓಡುವ ದೃಶ್ಯ ಇರಲಿ. 'ಇದನ್ನು ಹಾಕಪ್ಪ' ಅನ್ನಿ. ಸಂಕೋಚ ಬೇಡ. ದುಡ್ಡು ನಿಮ್ಮದು!

ಜಾತಿಗಳು ಮುಖ್ಯವಾಗಿ ಎರಡೇ. ಒಂದು, ಎಲ್‌ಇಡಿ ಅಂತ ಕರೆಯುವ ಎಲ್‌ಸಿಡಿ. ಇದರಲ್ಲಿ ಹಿಂದಿನಿಂದ ಬೆಳಕು ಬರುತ್ತೆ, ಮುಂದಿನ ಪದರ ಅದನ್ನು ತಡೆದು ಬಿಟ್ಟು ಚಿತ್ರ ಮಾಡುತ್ತೆ. ಕ್ಯೂಎಲ್‌ಇಡಿಯೂ ಇದೇ ಜಾತಿ, ಬಣ್ಣಕ್ಕೆ ಒಂದು ವಿಶೇಷ ಪದರ ಸೇರಿಸಿದ್ದಾರೆ. ಮಿನಿ ಎಲ್‌ಇಡಿಯೂ ಇದೇ, ಹಿಂದಿನ ದೀಪಗಳು ಚಿಕ್ಕವು, ಬಹಳ. ಕತ್ತಲೆ ಇರುವ ಕಡೆ ದೀಪ ತಗ್ಗಿಸಬಲ್ಲದು. ಇನ್ನೊಂದು ಜಾತಿ ಓಎಲ್‌ಇಡಿ. ಅಲ್ಲಿ ಹಿಂದಿನ ದೀಪವೇ ಇಲ್ಲ, ಒಂದೊಂದು ಚುಕ್ಕೆಯೂ ತಾನೇ ಉರಿಯುತ್ತೆ, ತಾನೇ ಆರುತ್ತೆ. ಅಮಾವಾಸ್ಯೆ ಅಂದರೆ ಅಮಾವಾಸ್ಯೆ! ಬೆಲೆ ಜಾಸ್ತಿ. ದಿನವಿಡೀ ನ್ಯೂಸ್ ಚಾನೆಲ್ ಹಾಕಿಡುವ ಮನೆಯಾದರೆ ಒಂದೇ ಕಡೆ ನಿಂತ ಚಾನೆಲ್ ಗುರುತು ವರ್ಷಗಳ ಮೇಲೆ ತೆರೆಯಲ್ಲಿ ಅಚ್ಚೊತ್ತುವ ಭಯವೂ ಉಂಟು.

ಎಲ್‌ಸಿಡಿಯಲ್ಲೂ ಎರಡು ಬಗೆ. 'ವಿಎ' ಅಂದರೆ ಎದುರಿಂದ ನೋಡಲು ಕಪ್ಪು ಚೆನ್ನ, ಪಕ್ಕದಿಂದ ನೋಡಿದರೆ ಬಣ್ಣ ಮಾಸುತ್ತೆ. 'ಐಪಿಎಸ್' ಅಂದರೆ ಪಕ್ಕದಿಂದಲೂ ಬಣ್ಣ ಉಳಿಯುತ್ತೆ, ಆದರೆ ಕಪ್ಪು ಬೂದಿಯಾಗುತ್ತೆ. ಮನೆ ತುಂಬ ಮಕ್ಕಳು, ಗೋಡೆಯಿಂದ ಗೋಡೆಗೆ ಸಾಲಾಗಿ ಕೂರುತ್ತಾರೆ ಅಂದರೆ ಅಂಗಡಿಯಲ್ಲಿ ಪಕ್ಕಕ್ಕೆ ಸರಿದು ನಿಂತು ನೋಡಿ. ಇಬ್ಬರೇ ಎದುರಿಗೆ ಕೂರುವ ಮನೆಗೆ ಮೊದಲನೆಯದೇ ಒಳ್ಳೆಯದು. ಕರೆಂಟಿನ ಖರ್ಚಿಗೆ ಸ್ಟಾರ್ ಲೇಬಲ್ ನೋಡಿ. ಟಿವಿಯ ಬೆನ್ನಿನ ಮೇಲೆ ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ತಡೆಯುತ್ತೆ ಅಂತ ಬರೆದಿರುತ್ತಾರೆ, ನಮ್ಮ ಹಳ್ಳಿ ಕಡೆಯವರು ಅದನ್ನೂ ಓದಲೇಬೇಕು.

ದೇವರ ಪಟವಲ್ಲ, ಟಿವಿ!

ಮಾವನ ಕತ್ತು ನೋವಿನ ಗುಟ್ಟು ಗೋಡೆ ನೋಡಿದ ತಕ್ಷಣ ಗೊತ್ತಾಯಿತು. ಟಿವಿಯನ್ನು ದೇವರ ಪಟದ ಸಾಲಿನಲ್ಲಿ ತೂಗುಹಾಕಿದ್ದರು. ಕೆಳ ಅಂಚೇ ನೆಲದಿಂದ ನಾಲ್ಕೂವರೆ ಅಡಿ! ಭಕ್ತಿಯಿಂದ ಕತ್ತೆತ್ತಿ ನೋಡಬೇಕು.

ಕುರ್ಚಿಯಲ್ಲಿ ಕೂತಾಗ ಕಣ್ಣು ನೆಲದಿಂದ ಸುಮಾರು 40 ಇಂಚು ಎತ್ತರದಲ್ಲಿರುತ್ತೆ. ತೆರೆಯ ನಡುಭಾಗ ಅಲ್ಲಿಗೆ ಬರಬೇಕು. 65 ಇಂಚಿನ ಟಿವಿಗೆ ಕೆಳ ಅಂಚು ನೆಲದಿಂದ ಎರಡು ಅಡಿ ಅಂದಾಜು. 'ಇಷ್ಟು ಕೆಳಗಾ?' ಅಂತ ಎಲ್ಲರೂ ಕೇಳುತ್ತಾರೆ. ಕೂತು ನೋಡಿದ ಮೇಲೆ ಯಾರೂ ಕೇಳುವುದಿಲ್ಲ. ಓಡಾಡುವ ಮಗು ಇದ್ದ ಮನೆಯಾದರೆ ಅರ್ಧ ಅಡಿ ಏರಿಸಿ, ತಪ್ಪಿಲ್ಲ.

ಮರುದಿನ ಬೆಳಗ್ಗೆ ಊರಿನ ಎಲೆಕ್ಟ್ರಿಷಿಯನ್ ಕರೆಸಿದೆವು. ಟಿವಿಯ ಬೆನ್ನಿನಲ್ಲಿ ನಾಲ್ಕು ತೂತು ಇರುತ್ತವೆ. ಅವುಗಳ ನಡುವಿನ ಅಂತರಕ್ಕೆ ವೇಸಾ ಅಳತೆ ಅಂತ ಹೆಸರು, ಮಿಲಿಮೀಟರಿನಲ್ಲಿ ಹೇಳುತ್ತಾರೆ. ಗೋಡೆಯ ಚೌಕಟ್ಟು ಅದೇ ಅಳತೆಯದಾಗಿರಬೇಕು, ಟಿವಿಯ ತೂಕ ತಡೆಯುವಂಥದ್ದಾಗಿರಬೇಕು. ಇಟ್ಟಿಗೆ ಗೋಡೆಗೆ ಒಂದು ಬಗೆಯ ಬೋಲ್ಟು, ಟೊಳ್ಳು ಬ್ಲಾಕಿನ ಗೋಡೆಗೆ ಇನ್ನೊಂದು ಬಗೆ. ಬರೀ ಗಾರೆಯನ್ನು ನಂಬಿ ಮೊಳೆ ಹೊಡೆದರೆ ಒಂದು ದಿನ ದೊಡ್ಡ ಸದ್ದಾಗುತ್ತೆ! ಕೊರೆಯುವ ಮುಂಚೆ ಒಳಗೆ ವೈರು, ಪೈಪು ಇದೆಯಾ ಅಂತ ಕೇಳಿಕೊಳ್ಳಿ. ಮೂರು ಪಿನ್ನಿನ ಪ್ಲಗ್ಗಿಗೆ ಅರ್ತಿಂಗ್ ಸರಿಯಾಗಿದೆಯಾ ನೋಡಿಸಿ. ಮಳೆಗಾಲದಲ್ಲಿ ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗು ಕೀಳಿ. ಡಿಶ್ಶಿನ ಕೇಬಲ್ಲೂ ಕೀಳಿ.

ಇನ್ನೊಂದು, ಕಿಟಕಿ. ಟಿವಿಯ ಎದುರು ಕಿಟಕಿ ಇದ್ದರೆ ಹಗಲು ಹೊತ್ತು ತೆರೆಯಲ್ಲಿ ಕಾಣುವುದು ನಿಮ್ಮ ಮನೆಯ ಕಿಟಕಿಯೇ. ಮಾವನ ಮನೆಯಲ್ಲಿ ಅತ್ತೆ ಹಳೆಯ ರೇಷ್ಮೆ ಸೀರೆಯೊಂದನ್ನು ಪರದೆ ಮಾಡಿ ಹೊಲಿದರು. ಟಾಕೀಸಿನ ಬಾಗಿಲಿಗೂ ದಪ್ಪ ಪರದೆ ಇರುತ್ತಿತ್ತಲ್ಲ, ಅದೇ ಕೆಲಸ. ರಾತ್ರಿ ಪೂರ್ತಿ ಕತ್ತಲೆ ಮಾಡಬೇಕಿಲ್ಲ. ಟಿವಿಯ ಹಿಂದಿನ ಗೋಡೆಗೆ ಬೀಳುವ ಹಾಗೆ ಒಂದು ಸಣ್ಣ ದೀಪ ಇದ್ದರೆ ಕಣ್ಣಿಗೆ ಹಿತ.

ಪಂಚೆಗೆ ನೀಲಿ ಜಾಸ್ತಿಯಾಗಿತ್ತು

ಕಪ್ಪು-ಬಿಳುಪು ಚಿತ್ರದಲ್ಲಿ ನೀಲಿ ಎಲ್ಲಿಂದ ಬಂತು? ಟಿವಿ 'ವಿವಿಡ್' ಮೋಡಿನಲ್ಲಿತ್ತು. ಇದು ಅಂಗಡಿಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಎದ್ದು ಕಾಣಲಿ ಅಂತ ಮಾಡಿದ್ದು. ಬಿಳಿಗೆ ನೀಲಿ ಬೆರೆಸಿ ಹೊಳಪು ಕೊಡುತ್ತೆ, ಒಗೆಯುವವರು ಪಂಚೆಗೆ ನೀಲಿ ಹಾಕಿದ ಹಾಗೆ. ಮೊದಲು ಟಿವಿ 'ಹೋಮ್' ಮೋಡಿನಲ್ಲಿದೆಯೋ 'ಶಾಪ್' ಮೋಡಿನಲ್ಲಿದೆಯೋ ನೋಡಿ. ಆಮೇಲೆ ಪಿಕ್ಚರ್ ಮೋಡಿನಲ್ಲಿ 'ಸಿನಿಮಾ' ಅಥವಾ 'ಮೂವಿ' ಇಡಿ. 'ಫಿಲ್ಮ್‌ಮೇಕರ್ ಮೋಡ್' ಇದ್ದರೆ ಇನ್ನೂ ಒಳ್ಳೆಯದು. ಕಲರ್ ಟೆಂಪರೇಚರ್ 'ವಾರ್ಮ್' ಇರಲಿ. ಮೊದಲ ದಿನ ಎಲ್ಲ ಹಳದಿ ಅನ್ನಿಸುತ್ತೆ. ಎರಡು ದಿನ ತಾಳಿ. ಆಮೇಲೆ ಹಳೆಯದಕ್ಕೆ ಹೋಗಿ ನೋಡಿದರೆ ನಿಮಗೇ ನಗು ಬರುತ್ತೆ.

ಉಳಿದದ್ದನ್ನು ಸಿನಿಮಾ ನೋಡುತ್ತಲೇ ಸರಿಮಾಡಬಹುದು. ಬಿಳಿ ಪಂಚೆ, ಬಿಳಿ ಜುಬ್ಬಾ ತೊಟ್ಟ ದೃಶ್ಯ ನಮ್ಮ ಯಾವ ಹಳೆಯ ಚಿತ್ರದಲ್ಲಿಲ್ಲ ಹೇಳಿ! ಅಲ್ಲಿ ನಿಲ್ಲಿಸಿ. ಬಟ್ಟೆಯ ಮಡಿಕೆ ಕಾಣುತ್ತಿದೆಯಾ? ಬರೀ ಸುಣ್ಣ ಬಳಿದ ಹಾಗಿದ್ದರೆ 'ಕಾಂಟ್ರಾಸ್ಟ್' ಇಳಿಸಿ. ಇನ್ನು ನಾಯಕಿಯ ಜಡೆ ನೋಡಿ. ಕೂದಲಿನ ಎಳೆ ಕಾಣದೆ ಮಸಿ ಮುದ್ದೆಯಾಗಿದ್ದರೆ 'ಬ್ರೈಟ್‌ನೆಸ್' ಸ್ವಲ್ಪ ಏರಿಸಿ. ಕಪ್ಪೆಲ್ಲ ಹೊಗೆಯಾಗಿದ್ದರೆ ಇಳಿಸಿ. 'ಶಾರ್ಪ್‌ನೆಸ್' ಬಹಳ ಜನ ತುದಿಗೆ ಏರಿಸುತ್ತಾರೆ. ಅದು ಮೋಸ ಸ್ವಾಮಿ! ಅದು ಹೊಸ ವಿವರ ಏನೂ ತರುವುದಿಲ್ಲ. ಅಂಚಿಗೆ ಗೆರೆ ಎಳೆಯುತ್ತೆ, ಅಷ್ಟೇ. ಹಳೆಯ ಪ್ರಿಂಟಿನ ಗೀರುಗಳೂ ಎದ್ದು ನಿಲ್ಲುತ್ತವೆ. ಸೊನ್ನೆಗೆ ಹತ್ತಿರ ಇಡಿ. ಬಣ್ಣದ ಚಿತ್ರಕ್ಕೆ ಮುಖದ ಬಣ್ಣವೇ ಅಳತೆಗೋಲು. ಮುಖ ಟೊಮೆಟೊ ಆಗಿದ್ದರೆ 'ಕಲರ್' ಇಳಿಸಬೇಕು ಅಂತ ಬೇರೆ ಹೇಳಬೇಕೇ?

ಅಂದ ಹಾಗೆ, 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೆ ತೆರೆ ಕಂಡಿತು. ಟಿವಿ ಸರಿಮಾಡುವವರು ಮಾತ್ರ ಕಪ್ಪು-ಬಿಳುಪಿನ ಪ್ರತಿಯನ್ನೇ ಹಾಕಿ. ಬೂದು ಬಣ್ಣದಲ್ಲಿ ನೀಲಿಯೋ ಹಸಿರೋ ಕಂಡರೆ ಟಿವಿಯ ತಪ್ಪು ಅಲ್ಲೇ ಸಿಕ್ಕಿಬೀಳುತ್ತೆ.

ಸಿನಿಮಾ ಧಾರಾವಾಹಿಯಾದ ಕಥೆ

ಮಾವನ ದೊಡ್ಡ ದೂರು ಇದೇ. "ನಡೆದರೆ ಜಾರಿದ ಹಾಗೆ ಕಾಣುತ್ತೆ. ಸೆಟ್ಟಿನಲ್ಲಿ ನಿಂತು ಶೂಟಿಂಗ್ ನೋಡಿದ ಹಾಗಿದೆ, ಸಿನಿಮಾ ನೋಡಿದ ಹಾಗಿಲ್ಲ."

ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರಗಳ ವೇಗದಲ್ಲಿ. ಇವತ್ತಿನ ಟಿವಿಗಳು ಎರಡು ಚಿತ್ರದ ನಡುವೆ ತಾವೇ ಊಹೆ ಮಾಡಿ ಹೊಸ ಚಿತ್ರ ತಯಾರಿಸಿ ಸೇರಿಸುತ್ತವೆ. ಕ್ರಿಕೆಟ್ ನೋಡುವಾಗ ಇದು ಚೆನ್ನ, ಚೆಂಡು ನೀಟಾಗಿ ಕಾಣುತ್ತೆ. ಸಿನಿಮಾಗೆ ಮಾತ್ರ ಇದು ವಿಷ! ಕ್ಯಾಮರಾ ಹಿಡಿಯದ ಚಿತ್ರಗಳು ನಡುನಡುವೆ ತೂರಿಕೊಂಡು ಇಡೀ ಚಿತ್ರವೇ ವೀಡಿಯೋದ ಹಾಗೆ ಕಾಣುತ್ತೆ. ಇದರ ಮೇಲೆ ಸಿಟ್ಟಾಗಿ 2018ರ ಡಿಸೆಂಬರಿನಲ್ಲಿ ಹಾಲಿವುಡ್ ನಟ ಟಾಮ್ ಕ್ರೂಸ್, ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಜೊತೆ ನಿಂತು 'ದಯವಿಟ್ಟು ಇದನ್ನು ಆರಿಸಿ ಸಿನಿಮಾ ನೋಡಿ' ಅಂತ ವೀಡಿಯೋ ಮಾಡಿ ಜನರಿಗೆ ಹೇಳಿದ. 2019ರಲ್ಲಿ ಬಂದ ಫಿಲ್ಮ್‌ಮೇಕರ್ ಮೋಡ್ ಕೂಡ ಇದಕ್ಕೇ. ಅದೊಂದು ಒತ್ತಿದರೆ ಈ ಊಹೆಯ ಚಿತ್ರಗಳು, ಅಂಚಿನ ಗೆರೆ, ಎಳೆದಾಟ ಎಲ್ಲ ನಿಲ್ಲುತ್ತೆ.

ನಿಮ್ಮ ಟಿವಿಯಲ್ಲಿ ಅದು ಇಲ್ಲದಿದ್ದರೆ ಮೆನುವಿನಲ್ಲಿ 'ಮೋಷನ್' ಅನ್ನುವ ಮಾತು ಇರುವ ಕಡೆ ಹುಡುಕಿ. ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರು. ಮೋಷನ್‌ಫ್ಲೋ, ಟ್ರೂಮೋಷನ್, ಆಟೋ ಮೋಷನ್ ಪ್ಲಸ್... ಹೆಸರು ಯಾವುದಾದರೂ ಇರಲಿ, ಸಿನಿಮಾ ನೋಡುವಾಗ 'ಆಫ್'.

ನಾನು ಆಫ್ ಮಾಡಿದೆ. ಮಾವ ಏನೂ ಹೇಳಲಿಲ್ಲ. ನಿಂತಿದ್ದವರು ಕೂತರು. ಅಷ್ಟು ಸಾಕಾಯಿತು ನನಗೆ.

ಮಾತು ಕೇಳಬೇಕಲ್ಲ!

ಟಿವಿ ತೆಳ್ಳಗಾದಷ್ಟೂ ದನಿ ತೆಳ್ಳಗಾಯಿತು. ಸ್ಪೀಕರು ಕೆಳಮುಖವಾಗಿಯೋ ಹಿಮ್ಮುಖವಾಗಿಯೋ ಇರುತ್ತೆ, ಶಬ್ದ ಗೋಡೆಗೆ ಬಡಿದು ನಿಮ್ಮ ಕಡೆಗೆ ಬರಬೇಕು. ಅದರ ಮೇಲೆ 'ಸರೌಂಡ್' ಅಂತ ಒಂದು ಒಗ್ಗರಣೆ. ನಮ್ಮ ಹಳೆಯ ಚಿತ್ರಗಳೋ ಒಂದೇ ದಾರಿಯ ಮೋನೋ ಧ್ವನಿಯವು. ಮಾತು, ಹಾಡು, ಮಳೆ, ಗುಡುಗು ಎಲ್ಲ ತೆರೆಯ ನಡುವಿನಿಂದಲೇ ಬರುತ್ತಿತ್ತು. ಅದನ್ನು ನಾಲ್ಕು ದಿಕ್ಕಿಗೆ ಹರಡಿದರೆ ಮಾತು ಕರಗಿ ಹೋಗುತ್ತೆ. ಸರೌಂಡ್ ತೆಗೆದು 'ಸ್ಟ್ಯಾಂಡರ್ಡ್' ಇಡಿ. 'ಕ್ಲಿಯರ್ ವಾಯ್ಸ್' ತರಹದ್ದು ಇದ್ದರೆ ಹಾಕಿ. ವಯಸ್ಸಾದವರಿಗೆ ವರ ಅದು.

ಕೈಯಲ್ಲಿ ಇನ್ನಷ್ಟು ಹಣ ಇದ್ದರೆ ಟಿವಿಯಲ್ಲಿ ಒಂದು ಮೆಟ್ಟಿಲು ಇಳಿದಾದರೂ ಸರಿ, ಒಂದು ಸೌಂಡ್‌ಬಾರ್ ತನ್ನಿ. ನಡುವೆ ಮಾತಿಗೇ ಅಂತ ಒಂದು ಸ್ಪೀಕರ್ ಇರುವಂಥದ್ದು ಒಳ್ಳೆಯದು. 3.1 ಅಂತ ಬರೆದಿರುತ್ತಾರೆ. ಟಿವಿಯ ಹಿಂದೆ 'ಎಆರ್‌ಸಿ' ಅಥವಾ 'ಇಎಆರ್‌ಸಿ' ಅಂತ ಗುರುತಿರುವ ಎಚ್‌ಡಿಎಂಐ ಕಿಂಡಿಗೆ ಅದರ ವೈರು ಸಿಕ್ಕಿಸಿ. ಬೇರೆ ಕಿಂಡಿಗೆ ಸಿಕ್ಕಿಸಿ 'ಸೌಂಡೇ ಬರಲ್ಲ' ಅಂತ ಅಂಗಡಿಗೆ ಓಡಿದವರು ಬಹಳ ಮಂದಿ.

ಬಟ್ಟಲು ದೊಡ್ಡದು, ಪಾಯಸ ಎಲ್ಲಿ?

ಎಲ್ಲ ಸರಿಮಾಡಿದ ಮೇಲೂ ಒಂದು ಮಾತು ಉಳಿಯುತ್ತೆ. ಟಿವಿ ಎಷ್ಟೇ ದೊಡ್ಡದಿದ್ದರೂ ಬರುವ ಚಿತ್ರ ಚೆನ್ನಾಗಿರಬೇಕು. 1981ರಲ್ಲಿ ಬೆಂಗಳೂರು ದೂರದರ್ಶನ ಶುರುವಾದಾಗ ಊರಿಗೊಂದು ಟಿವಿ, ಮುಂದೆ ನೂರು ಜನ! ಆಗ ತೆರೆಯಲ್ಲಿ ಕಾಣುತ್ತಿದ್ದದ್ದು 576 ಗೆರೆ. ಇವತ್ತಿಗೂ ಎಚ್‌ಡಿ ಅಲ್ಲದ ಚಾನೆಲ್ಲುಗಳದು ಅಷ್ಟೇ. ಅದನ್ನು 65 ಇಂಚಿಗೆ ಹಿಗ್ಗಿಸಿದರೆ ಮಂಜು ಮಂಜು. ಡಿಶ್ಶಿನಲ್ಲಿ ಎಚ್‌ಡಿ ಬಾಕ್ಸು, ಎಚ್‌ಡಿ ಚಾನೆಲ್ ಇದ್ದರೆ ಮಾತ್ರ ದೊಡ್ಡ ತೆರೆಗೆ ನ್ಯಾಯ. ಇಂಟರ್ನೆಟ್ಟಿನಲ್ಲಿ ನೋಡುವವರಿಗೆ ಫುಲ್ ಎಚ್‌ಡಿಗೆ ಸುಮಾರು 5 ಎಂಬಿಪಿಎಸ್, 4ಕೆಗೆ 15ಕ್ಕೂ ಮೇಲೆ ವೇಗ ಬೇಕು. ಸಾಧ್ಯವಾದರೆ ವೈರ್ ಎಳೆದು ನೇರ ಸಿಕ್ಕಿಸಿ.

ಹಳೆಯ ಕನ್ನಡ ಚಿತ್ರಗಳ ಒಳ್ಳೆಯ ಪ್ರತಿ ಸಿಗುವುದು ಅದೃಷ್ಟ. 'ನಾಗರಹಾವು' 2018ರಲ್ಲಿ ಹೊಸ ತಂತ್ರದಲ್ಲಿ ಸಿಂಗರಿಸಿಕೊಂಡು ಥಿಯೇಟರಿಗೆ ಮತ್ತೆ ಬಂತು, ಜನ ಮುಗಿಬಿದ್ದರು. ಆ ಭಾಗ್ಯ ಎಷ್ಟು ಚಿತ್ರಕ್ಕಿದೆ? 1934ರಲ್ಲಿ ತೆರೆ ಕಂಡ ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ಪ್ರತಿಯೇ ಉಳಿದಿಲ್ಲ. ಎಷ್ಟು ಇಂಚಿನ ಟಿವಿ ತಂದರೂ ಅದನ್ನು ನೋಡುವ ಹಾಗಿಲ್ಲ. ಮಾವನಿಗೆ ಇದು ಗೊತ್ತು. "ಪ್ರಿಂಟು ವಾಪಸ್ ಕಳಿಸೋವಾಗ ಡಬ್ಬ ಮುಚ್ಚೋಕೆ ಮುಂಚೆ ಒರೆಸಿ ಕಳಿಸ್ತಿದ್ದೆ ಕಣೋ" ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಒರೆಸುವ ಮಾತು ಬಂತಲ್ಲ, ಟಿವಿಯ ತೆರೆಗೆ ನೀರು ಚಿಮುಕಿಸಬೇಡಿ, ಪೇಪರಿನಿಂದ ತಿಕ್ಕಬೇಡಿ. ಆರಿಸಿ, ತಣ್ಣಗಾದ ಮೇಲೆ, ಒಣಗಿದ ಮೈಕ್ರೋಫೈಬರ್ ಬಟ್ಟೆಯಲ್ಲಿ ಮೆತ್ತಗೆ ಒರೆಸಿ. ಸಾಕು.

ಚುಕ್ಕೆ ಬಂತು!

ಎರಡನೆಯ ರಾತ್ರಿ. ಟಿವಿ ಎರಡು ಅಡಿಗೆ ಇಳಿದಿತ್ತು. ಕಿಟಕಿಗೆ ರೇಷ್ಮೆ ಪರದೆ. ಮತ್ತೆ 'ಕಸ್ತೂರಿ ನಿವಾಸ', ಮೊದಲಿನಿಂದ. ಮಾವ ಒಂದು ಕುರ್ಚಿ, ಅತ್ತೆ ಇನ್ನೊಂದು ಕುರ್ಚಿ. ಹಿಂದಿನ ದಿನ ಯಾರೂ ಮುಟ್ಟದೆ ಉಳಿದಿದ್ದ ಚಕ್ಕುಲಿ ನಡುವೆ.

ನಾನು ಹಿಂದೆ ನಿಂತು ನೋಡುತ್ತಿದ್ದೆ, ಟಿವಿಯನ್ನಲ್ಲ, ಅವರಿಬ್ಬರನ್ನು. ಐದು ನಿಮಿಷ ಆಯಿತು. ಹತ್ತು ಆಯಿತು. ಮಾವ ಏಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಳೆದ ಮೇಲೆ ತೆರೆಯ ಬಲ ಮೂಲೆಯಲ್ಲಿ ಚುಕ್ಕೆ ಮಿಂಚಿತು. ಮಾವನ ಬಲಗೈ ತಾನಾಗಿ ಕುರ್ಚಿಯಿಂದ ಮೇಲೆದ್ದು ಗಾಳಿಯಲ್ಲಿ ಏನನ್ನೋ ಹುಡುಕಿತು. ಮೋಟಾರಿನ ಸ್ವಿಚ್ಚು! ಹತ್ತು ಹದಿನೈದು ವರ್ಷದ ಹಿಂದೆಯೇ ಗುಜರಿಗೆ ಹೋದದ್ದು.

ಅತ್ತೆ ಆ ಕೈ ಹಿಡಿದು ಕೆಳಗೆ ಇಳಿಸಿದರು. "ಬಿಡಿ, ಇವತ್ತು ಅದೇ ಓಡುತ್ತೆ. ನೀವು ಸಿನಿಮಾ ನೋಡಿ."

ಆ ಕೈ ಚಿತ್ರ ಮುಗಿಯುವವರೆಗೂ ಅಲ್ಲೇ ಇತ್ತು. ಮುಗಿದ ಮೇಲೆ ದೀಪ ಹಾಕಿದಾಗ ಇಬ್ಬರ ಕಣ್ಣೂ ಒದ್ದೆ. 'ಕಸ್ತೂರಿ ನಿವಾಸ' ನೋಡಿ ಅಳದವರು ಯಾರಿದ್ದಾರೆ ಹೇಳಿ?

ಬಸ್ಸು ಹತ್ತುವಾಗ ಮಾವ ಕಿಟಕಿ ಹತ್ತಿರ ಬಂದು ಕೇಳಿದರು. "ನಾಳೆ ಸ್ಕೋಪ್ ಹಾಕೋಣ ಅಂತಿದೀನಿ. ಲೆನ್ಸ್ ಬದಲಾಯಿಸೋ ಹಾಗಿಲ್ಲ ತಾನೇ?"

ಇಲ್ಲ ಮಾವ, ಏನೂ ಬದಲಾಯಿಸಬೇಡಿ. ಈಗ ಹೇಗಿದೆಯೋ ಹಾಗೇ ಇರಲಿ ಅಂದೆ. ಬಸ್ಸು ಹೊರಟಿತು.